ದೊಡ್ಡ ಗಾಲಿ, ಉಕ್ಕಿನ ಫ್ರೇಮು: ಒಂದು ಅಳತೆ ಬದಲಾದ ಕಥೆ

ಇವತ್ತಿನ ಸಂಚಿಕೆಯಲ್ಲಿ ಎರಡು ಸಂಖ್ಯೆಗಳ ಕಥೆ ಹೇಳ್ತೀನಿ. ಒಂದು 559, ಇನ್ನೊಂದು 622. ಎರಡೂ ಮಿಲಿಮೀಟರ್ ಲೆಕ್ಕ. ಸೈಕಲ್ಲಿನ ರಿಮ್ಮಿನಲ್ಲಿ ಟೈರು ಕೂರುವ ಜಾಗ ಇದೆಯಲ್ಲ, ಅದರ ವ್ಯಾಸ. ಮೊದಲನೆಯದು 26 ಇಂಚಿನ ಮೌಂಟನ್ ಬೈಕಿನ ಗಾಲಿ, ಎರಡನೆಯದು 29 ಇಂಚಿನದ್ದು. ನಡುವಿನ ವ್ಯತ್ಯಾಸ 63 ಮಿ.ಮೀ., ಅಂದ್ರೆ ಒಂದು ಅಂಗೈ ಅಗಲವೂ ಇಲ್ಲ. ಇಷ್ಟು ದೂರ ದಾಟೋದಕ್ಕೆ ಮೌಂಟನ್ ಬೈಕ್ ಉದ್ಯಮಕ್ಕೆ ಮೂವತ್ತೈದು ವರ್ಷ ಹಿಡೀತು.

ದಾಟಿಸಿದವರು ಯಾರು ಅಂತ ಕೇಳಿದರೆ, ದೊಡ್ಡ ಕಂಪನಿಗಳ ಸಂಶೋಧನಾ ವಿಭಾಗ ಅಂತ ಉತ್ತರ ಕೊಡೋಕಾಗಲ್ಲ. ಗ್ಯಾರೇಜಿನಲ್ಲಿ ಉಕ್ಕಿನ ಪೈಪು ಕತ್ತರಿಸಿ, ಬೆಸೆದು, ಬಣ್ಣ ಹೊಡೆದು, ‘ನನ್ನ ಸೈಕಲ್ ನೋಡಿ’ ಅಂತ ಜನರ ಮುಂದೆ ನಿಲ್ಲಿಸುತ್ತಿದ್ದ ಹವ್ಯಾಸಿಗಳು. ಇಂಥವರಿಗಾಗಿಯೇ ಈಗ ಮೇಳಗಳಿವೆ. ಅಮೆರಿಕದಲ್ಲಿ ಕೈಯಿಂದ ತಯಾರಿಸಿದ ಸೈಕಲ್ಲುಗಳ ದೊಡ್ಡ ಪ್ರದರ್ಶನ 2005ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾಯಿತು. ಬ್ರಿಟನ್ನಿನ ‘ಬೆಸ್ಪೋಕ್ಡ್’ ಮೇಳ 2011ರಲ್ಲಿ ಬ್ರಿಸ್ಟಲ್‌ನಲ್ಲಿ ಆರಂಭವಾಯಿತು. ಇಂಥ ಕಡೆ ಹೋದರೆ ತೆಳ್ಳನೆಯ ಉಕ್ಕಿನ ಪೈಪಿನ ಫ್ರೇಮು, ಅದಕ್ಕೆ ದೊಡ್ಡ ಗಾಲಿ, ಬೆಸುಗೆಯ ಗೆರೆಯನ್ನು ಬೆರಳಿಟ್ಟು ತೋರಿಸುವ ಮಾಲೀಕ, ಬಗ್ಗಿ ನೋಡುವ ಜನ, ಎಲ್ಲ ಸಿಗ್ತಾರೆ. ಹೊರಗಿನಿಂದ ನೋಡಿದವರಿಗೆ ಇದೊಂದು ಶೋಕಿ ಅನ್ನಿಸುತ್ತೆ. ಶೋಕಿ ಹೌದು. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ಮೌಂಟನ್ ಬೈಕಿನ ಗಾಲಿಯ ಅಳತೆ ಬಂದಿದ್ದು ಈ ಶೋಕಿಯಿಂದಲೇ. ಹೇಗೆ ಅಂತ ನೋಡೋಣ.

ಮೊದಲು 26 ಇಂಚು ಎಲ್ಲಿಂದ ಬಂತು ಅನ್ನೋದನ್ನ ತಿಳ್ಕೊಳ್ಳೋಣ. ಗುಡ್ಡ ಹತ್ತಿ ಇಳಿಯೋದಕ್ಕೆ ಇದೇ ಸರಿಯಾದ ಅಳತೆ ಅಂತ ಯಾರೂ ಕೂತು ಲೆಕ್ಕ ಹಾಕಿರಲಿಲ್ಲ. 1933ರಲ್ಲಿ, ಅಮೆರಿಕದ ಆರ್ಥಿಕ ಕುಸಿತದ ಕಾಲದಲ್ಲಿ, ಷಿಕಾಗೋದ ಶ್ವಿನ್ ಕಂಪನಿ ದಪ್ಪ ‘ಬಲೂನ್’ ಟೈರಿನ ಸೈಕಲ್ ತಂದಿತು. ಮುಖ್ಯವಾಗಿ ಹುಡುಗರಿಗಾಗಿ ಮಾಡಿದ ಸೈಕಲ್ಲು. ಎರಡು ಇಂಚಿಗಿಂತ ಸ್ವಲ್ಪ ಹೆಚ್ಚು ದಪ್ಪದ ಟೈರು, ಭಾರದ ಫ್ರೇಮು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ನಲವತ್ತು ವರ್ಷ ಕಳೆದ ಮೇಲೆ ಇಂಥ ಸೈಕಲ್ಲುಗಳು ಹಳೇ ಸಾಮಾನಿನ ಅಂಗಡಿಗಳಲ್ಲಿ ಪುಡಿಗಾಸಿಗೆ ಸಿಗುತ್ತಿದ್ದವು.

1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯ ಹುಡುಗರು ಈ ಹಳೇ ಶ್ವಿನ್‌ಗಳನ್ನು ಹುಡುಕಿ ತಂದು ಬೆಟ್ಟದ ಮಣ್ಣುದಾರಿಯಲ್ಲಿ ಓಡಿಸತೊಡಗಿದರು. ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಜೋ ಬ್ರೀಜ್, ಇವರ ಜೊತೆಗೆ ಸವಾರಿ ಮಾಡುತ್ತಲೇ ಅದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದ ವೆಂಡಿ ಕ್ರ್ಯಾಗ್. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಕಡಿದಾದ ಇಳಿಜಾರಿನಲ್ಲಿ ಮೊದಲ ಪಂದ್ಯ ನಡೀತು. ಕೆಳಗೆ ತಲುಪುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕು. ಅದಕ್ಕೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಅಂತ ಹೆಸರು ಬಂತು.

1977ರಲ್ಲಿ ಜೋ ಬ್ರೀಜ್ ಈ ಕೆಲಸಕ್ಕೆಂದೇ ಒಂದು ಹೊಸ ಫ್ರೇಮು ಕಟ್ಟಿದರು. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕು. ಸೈಕಲ್ ಲೋಕದಲ್ಲಿ ಅದನ್ನ ಕ್ರೋಮೋಲಿ ಅಂತಾರೆ. 1979ರಲ್ಲಿ ಫಿಶರ್ ಮತ್ತು ಕೆಲ್ಲಿ, ಟಾಮ್ ರಿಚಿ ಕಟ್ಟಿಕೊಟ್ಟ ಫ್ರೇಮುಗಳನ್ನು ಇಟ್ಕೊಂಡು ‘ಮೌಂಟನ್ ಬೈಕ್ಸ್’ ಹೆಸರಿನ ಕಂಪನಿ ತೆರೆದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ‘ಸ್ಟಂಪ್‌ಜಂಪರ್’ ಜಪಾನಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ಬಂತು. ಎಲ್ಲ ಉಕ್ಕಿನವೇ. ಎಲ್ಲದರ ಗಾಲಿಯೂ 26 ಇಂಚಿನದೇ. ಯಾಕೆ? ದಪ್ಪ ಟೈರು ಸಿಗುತ್ತಿದ್ದುದು ಆ ಅಳತೆಯಲ್ಲಿ ಮಾತ್ರ. ಫ್ರೇಮು ಹೊಸದಾಯಿತು, ಗೇರು ಬಂತು, ಬ್ರೇಕು ಬದಲಾಯಿತು. ಗಾಲಿ ಮಾತ್ರ 1933ರ ಹುಡುಗರ ಸೈಕಲ್ಲಿನದೇ ಉಳೀತು. ಮುಂದೆ ನಮ್ಮ ಊರುಗಳಿಗೆ ‘ರೇಂಜರ್’ ಅಂತ ದಪ್ಪ ಟೈರಿನ ಸೈಕಲ್ಲು ಬಂದಾಗಲೂ ಅದರ ಗಾಲಿ 26 ಇಂಚೇ. ಷಿಕಾಗೋದ ಒಂದು ಕಾರ್ಖಾನೆಯ ತೀರ್ಮಾನ ನಮ್ಮ ಹೈಸ್ಕೂಲುಗಳ ಸೈಕಲ್ ಸ್ಟ್ಯಾಂಡಿನವರೆಗೂ ಬಂದು ಮುಟ್ಟಿತು.

ಹಾಗಾದ್ರೆ ದೊಡ್ಡ ಗಾಲಿಯ ಯೋಚನೆ ಆಗ ಯಾರಿಗೂ ಹೊಳೆಯಲೇ ಇಲ್ವಾ? ಹೊಳೆದಿತ್ತು. ಅದು ಬಂದಿದ್ದು ಇಂಗ್ಲೆಂಡಿನಿಂದ, ಫಿನ್ಲೆಂಡಿನ ಹಿಮದ ದಾರಿ ಹಿಡಿದು.

ಇಂಗ್ಲೆಂಡಿನಲ್ಲಿ ಜೆಫ್ ಆಪ್ಸ್ ಅಂತ ಒಬ್ಬರು. ಕ್ಯಾಲಿಫೋರ್ನಿಯಾದವರ ಹಂಗಿಲ್ಲದೆ, ತಮ್ಮದೇ ರೀತಿಯಲ್ಲಿ ಕಾಡುದಾರಿಯ ಸೈಕಲ್ ರೂಪಿಸುತ್ತಿದ್ದವರು. ಅವರ ‘ಕ್ಲೀಲ್ಯಾಂಡ್’ ಸೈಕಲ್ಲುಗಳು 1980ರ ದಶಕದ ಮೊದಲ ವರ್ಷಗಳಲ್ಲಿ ಬಂದವು. ಅಲ್ಲಿನ ಸಮಸ್ಯೆ ಕಡಿದಾದ ಇಳಿಜಾರಲ್ಲ, ಕೆಸರು. ಕೆಸರಿಗೆ ಒಗ್ಗುವ ಟೈರು ಹುಡುಕುತ್ತಾ ಅವರು ಫಿನ್ಲೆಂಡಿನ ಚಳಿಗಾಲದ ಸೈಕಲ್ ಟೈರನ್ನು ಹಿಡಿದರು. ಅದರ ಹೆಸರು ಹಕ್ಕಪೆಲಿಟ್ಟ. ತಯಾರಕರು ಯಾರು ಗೊತ್ತಾ? ನೋಕಿಯಾ. ಹೌದು, ನಮ್ಮ ಕೈಯಲ್ಲಿ ಮೊಬೈಲ್ ಇಟ್ಟ ಅದೇ ನೋಕಿಯಾ. ಆಗ ಆ ಕಂಪನಿ ರಬ್ಬರಿನ ವ್ಯಾಪಾರವನ್ನೂ ಮಾಡುತ್ತಿತ್ತು. ಟೈರು ವಿಭಾಗ ಬೇರೆಯಾಗಿದ್ದು 1988ರಲ್ಲಿ.

ಈ ಟೈರಿನ ಒಂದು ಮಾದರಿ 622 ಮಿ.ಮೀ. ರಿಮ್ಮಿಗೆ ಕೂರುತ್ತಿತ್ತು, 47 ಮಿ.ಮೀ. ಅಗಲ. ಆಪ್ಸ್ ಕೆಲವನ್ನು ಮರಿನ್‌ನಲ್ಲಿದ್ದ ಫಿಶರ್ ಮತ್ತು ಕೆಲ್ಲಿಗೆ ಕಳಿಸಿಕೊಟ್ಟರು. ಗಾಲಿ ಚೆನ್ನಾಗಿ ಉರುಳುತ್ತೆ ಅನ್ನೋದು ಅವರಿಗೂ ಗೊತ್ತಾಯಿತು. ಆದರೆ ಫಿನ್ಲೆಂಡಿನಿಂದ ಟೈರಿನ ಸರಬರಾಜು ಸರಿಯಾಗಿ ಆಗಲಿಲ್ಲ. ಅಷ್ಟರಲ್ಲಿ 26 ಇಂಚಿನ ಸೈಕಲ್ಲುಗಳು ಸಾವಿರಾರು ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದು ಬೇರು ಬಿಟ್ಟಿದ್ದವು.

ಇಲ್ಲಿಂದ ಮುಂದೆ ಆಗಿದ್ದಕ್ಕೆ ನಮ್ಮಲ್ಲೊಂದು ಗಾದೆ ಇದೆ. ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ. ಟೈರಿಲ್ಲ ಅಂತ ಫ್ರೇಮು ಮಾಡಲ್ಲ. ಫ್ರೇಮಿಲ್ಲ ಅಂತ ಸಸ್ಪೆನ್ಷನ್ ಫೋರ್ಕು ಮಾಡಲ್ಲ. ಸೈಕಲ್ಲೇ ಇಲ್ಲ ಅಂತ ಟೈರು ಮಾಡಲ್ಲ. 622ರ ರಿಮ್ಮು ಮಾತ್ರ ಬೇಕಾದಷ್ಟಿತ್ತು, ಯಾಕಂದ್ರೆ ರಸ್ತೆಯ ರೇಸಿಂಗ್ ಸೈಕಲ್ಲಿನ ರಿಮ್ಮಿನ ಅಳತೆಯೂ ಅದೇ. ಉಳಿದಿದ್ದಕ್ಕೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು. ನಡುನಡುವೆ ಪ್ರಯತ್ನಗಳು ಆಗಲಿಲ್ಲ ಅಂತಲ್ಲ. 1990ರ ದಶಕದ ಮೊದಲಲ್ಲಿ ಬಿಯಾಂಕಿ, ಡೈಮಂಡ್ ಬ್ಯಾಕ್ ಕಂಪನಿಗಳು 622ರ ರಿಮ್ಮಿಗೆ ಕೊಂಚ ದಪ್ಪ ಟೈರು ಹಾಕಿ ಸೈಕಲ್ಲು ಬಿಟ್ಟು ನೋಡಿದವು. ಬೆಟ್ಟಕ್ಕೆ ಸಾಕಾಗುವಷ್ಟು ದಪ್ಪ ಅಲ್ಲ, ರಸ್ತೆಗೆ ಬೇಕಾದಷ್ಟು ತೆಳು ಅಲ್ಲ. ಜನ ಕೊಳ್ಳಲಿಲ್ಲ.

ಈ ಗಂಟು ಬಿಚ್ಚಿದ್ದು ಉಕ್ಕು. ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತಿರೋದು ಇದನ್ನೇ.

ಹೊಸ ಅಳತೆಯ ಗಾಲಿಗೆ ಹೊಸ ಫ್ರೇಮು ಬೇಕು. ಗಾಲಿ ದೊಡ್ಡದಾದರೆ ಹಿಂದಿನ ಪೈಪುಗಳು ಉದ್ದ ಆಗಬೇಕು, ಮುಂದಿನ ಫೋರ್ಕಿನ ಓರೆ ಬದಲಾಗಬೇಕು, ಪೆಡಲ್ ತಿರುಗಿದಾಗ ಕಾಲಿನ ಬೆರಳು ಮುಂದಿನ ಗಾಲಿಗೆ ತಾಗಬಾರದು. ಎಷ್ಟು ಉದ್ದ, ಎಷ್ಟು ಓರೆ? ಮಾಡಿ ನೋಡಿದ ಮೇಲೇ ಗೊತ್ತಾಗೋದು. ಈಗ ಕಾರ್ಬನ್ ಫೈಬರ್ ಫ್ರೇಮು ಮಾಡಬೇಕು ಅಂದ್ರೆ ಪ್ರತಿಯೊಂದು ಅಳತೆಗೂ ಒಂದೊಂದು ದುಬಾರಿ ಅಚ್ಚು ಬೇಕು. ಅಚ್ಚು ಮಾಡಿಸಿದ ಮೇಲೆ ಅರ್ಧ ಡಿಗ್ರಿ ತಪ್ಪಿದೆ ಅಂತ ಗೊತ್ತಾದರೆ ದುಡ್ಡು ನೀರುಪಾಲು. ಅಲ್ಯುಮಿನಿಯಂ ಆದರೆ, ಫ್ರೇಮಿಗೆ ಸಾಮಾನ್ಯವಾಗಿ ಬಳಸುವ ಮಿಶ್ರಲೋಹವನ್ನು ವೆಲ್ಡ್ ಮಾಡಿದ ಮೇಲೆ ಇಡೀ ಫ್ರೇಮನ್ನು ಒಲೆಯಲ್ಲಿಟ್ಟು ಹದ ಮಾಡಬೇಕು, ಇಲ್ಲದಿದ್ದರೆ ಬೆಸುಗೆಯ ಅಕ್ಕಪಕ್ಕ ಮೆತ್ತಗಾಗಿಬಿಡುತ್ತೆ. ಉಕ್ಕಿಗೆ ಇದ್ಯಾವುದೂ ಬೇಡ. ಒಂದು ಗರಗಸ, ಅರ, ಪೈಪು ಹಿಡಿದಿಡುವ ಒಂದು ಜಿಗ್, ಒಂದು ಗ್ಯಾಸ್ ಟಾರ್ಚು ಅಥವಾ ವೆಲ್ಡಿಂಗ್ ಮೆಷೀನು, ಪಳಗಿದ ಒಂದು ಜೊತೆ ಕೈ. ಸೋಮವಾರ ಒಂದು ಫ್ರೇಮು ಕಟ್ಟೋಕೆ ಶುರು ಮಾಡಿದರೆ ವಾರದ ಕೊನೆಗೆ ಬೆಟ್ಟ ಹತ್ತಿಸಿ ನೋಡಬಹುದು. ಸರಿ ಬರಲಿಲ್ವಾ, ಪೈಪು ಕತ್ತರಿಸಿ ಇನ್ನೊಂದು ಹಾಕಬಹುದು. ಅಂದ್ರೆ, ತಪ್ಪು ಮಾಡಿ ಕಲಿಯುವುದು ಉಕ್ಕಿನಲ್ಲಿ ಅಗ್ಗ. ಸಾವಿರಾರು ಸೈಕಲ್ಲು ಮಾರುವ ಕಂಪನಿ ಇಂಥ ಪಂಥಕ್ಕೆ ಇಳಿಯಲ್ಲ. ವರ್ಷಕ್ಕೆ ಕೆಲವೇ ಸೈಕಲ್ಲು ಕಟ್ಟುವ ಕಮ್ಮಾರ ಇಳೀತಾನೆ.

ಹಾಗೆ ಇಳಿದವರಲ್ಲಿ ಮುಖ್ಯರು ವೆಸ್ ವಿಲಿಯಮ್ಸ್. ಊರು ಕೊಲೊರಾಡೋದ ಕ್ರೆಸ್ಟೆಡ್ ಬ್ಯೂಟ್, ಮೌಂಟನ್ ಬೈಕಿನ ಹಳೇ ತವರುಗಳಲ್ಲಿ ಒಂದು. ‘ವಿಲಿಟ್ಸ್’ ಹೆಸರಿನಲ್ಲಿ ಅವರು ಫ್ರೇಮು ಕಟ್ಟುತ್ತಿದ್ದರು. ದೊಡ್ಡ ಗಾಲಿಯೇ ಸರಿ ಅಂತ 1990ರ ದಶಕದುದ್ದಕ್ಕೂ ಸಿಕ್ಕಸಿಕ್ಕವರಿಗೆ ಹೇಳುತ್ತಾ, ತೋರಿಸುತ್ತಾ, ಹತ್ತಿಸಿ ಓಡಿಸಲು ಕೊಡುತ್ತಾ ಬಂದರು. ಇಲ್ಲಿ ಪ್ರದರ್ಶನ ಅಂದ್ರೆ ಇದು. ಜಾಹೀರಾತಿಗೆ ದುಡ್ಡಿಲ್ಲದವನು ತನ್ನ ಸೈಕಲ್ಲನ್ನೇ ಜಾಹೀರಾತು ಮಾಡಿಕೊಳ್ಳೋದು.

ಕೊನೆಗೆ 1999ರಲ್ಲಿ ಟೈರು ಬಂತು. ವೈಲ್ಡರ್‌ನೆಸ್ ಟ್ರೇಲ್ ಬೈಕ್ಸ್ ಕಂಪನಿಯ ‘ನ್ಯಾನೊರ‍್ಯಾಪ್ಟರ್’. 622ರ ರಿಮ್ಮಿಗೆ 2.1 ಇಂಚಿನ ದಪ್ಪ ಟೈರು; ಗಾಳಿ ತುಂಬಿದರೆ ಹೊರಗಿನ ವ್ಯಾಸ ಹತ್ತಿರಹತ್ತಿರ 29 ಇಂಚು. ‘ಟ್ವೆಂಟಿ ನೈನರ್’ ಅನ್ನೋ ಹೆಸರು ಹುಟ್ಟಿದ್ದೇ ಹೀಗೆ. ಈ ಕಂಪನಿ ಹುಟ್ಟಿದ್ದೂ ಅದೇ ಮರಿನ್ ಕೌಂಟಿಯಲ್ಲಿ. ಅಲ್ಲಿಂದ ದಾರಿ ತೆರೀತು. ಅಷ್ಟರಲ್ಲಿ ಟ್ರೆಕ್ ಕಂಪನಿಯ ತೆಕ್ಕೆಗೆ ಸೇರಿದ್ದ ಗ್ಯಾರಿ ಫಿಶರ್ ಬ್ರ್ಯಾಂಡು 2000ರ ದಶಕದ ಮೊದಲಲ್ಲೇ 29 ಇಂಚಿನ ಸೈಕಲ್ಲುಗಳನ್ನು ತಂದಿತು. ಅದೇ ಹೊತ್ತಿಗೆ ಮಿನೆಸೋಟಾದ ಸರ್ಲಿ ಕಂಪನಿಯಿಂದ ‘ಕರಾಟೆ ಮಂಕಿ’ ಬಂತು. ಕ್ರೋಮೋಲಿ ಉಕ್ಕಿನ ಸಾದಾ ಫ್ರೇಮು. ಗೇರು ಹಾಕಿಕೊಳ್ಳಿ, ಒಂದೇ ಗೇರಿನಲ್ಲಿ ಓಡಿಸಿ, ನಿಮ್ಮಿಷ್ಟ. ಅಲ್ಲಿಯವರೆಗೆ ದೊಡ್ಡ ಗಾಲಿ ಬೇಕು ಅಂದ್ರೆ ಕಮ್ಮಾರನ ಸರದಿ ಕಾಯಬೇಕಿತ್ತು, ದುಬಾರಿ ದುಡ್ಡು ಕೊಡಬೇಕಿತ್ತು. ಕರಾಟೆ ಮಂಕಿ ಬಂದ ಮೇಲೆ ಸಾಮಾನ್ಯ ಸಂಬಳದವನೂ ಒಂದು ಕಟ್ಟಿಕೊಳ್ಳಬಹುದಾಯಿತು. 2005ರಲ್ಲಿ ಶುರುವಾದ ‘ನೈನರ್’ ಕಂಪನಿ ತನ್ನ ಉಕ್ಕಿನ ಸೈಕಲ್ಲಿಗೆ ‘ಎಸ್‌ಐಆರ್ 9’ ಅಂತ ಹೆಸರಿಟ್ಟಿತು. ‘ಸ್ಟೀಲ್ ಈಸ್ ರಿಯಲ್’ ಅನ್ನೋ ಹವ್ಯಾಸಿಗಳ ಘೋಷಣೆಯ ಮೊದಲಕ್ಷರಗಳು ಅವು.

ಹಾಗಾದ್ರೆ ದೊಡ್ಡ ಗಾಲಿಯಿಂದ ನಿಜವಾಗಿ ಏನು ಲಾಭ? ಲೆಕ್ಕ ಸರಳ. ದಾರಿಯಲ್ಲಿ 10 ಸೆಂ.ಮೀ. ಎತ್ತರದ ಒಂದು ಕಲ್ಲಿದೆ ಅಂದುಕೊಳ್ಳಿ. 26 ಇಂಚಿನ ಗಾಲಿ ಆ ಕಲ್ಲಿನ ಅಂಚಿಗೆ ಸುಮಾರು 46 ಡಿಗ್ರಿ ಕೋನದಲ್ಲಿ ಬಡಿಯುತ್ತೆ. 29 ಇಂಚಿನದು ಸುಮಾರು 43 ಡಿಗ್ರಿಯಲ್ಲಿ. ಬರೀ ಮೂರು ಡಿಗ್ರಿ, ಅಷ್ಟೇನಾ ಅಂತ ಕೇಳಬಹುದು. ಅಷ್ಟೇ. ಆದರೆ ಒಂದು ಬೆಟ್ಟದ ದಾರಿಯಲ್ಲಿ ಕಲ್ಲು ಒಂದಲ್ಲ. ಬೇರುಗಳು, ಗುಳಿಗಳು, ಮೆಟ್ಟಿಲಿನಂಥ ಬಂಡೆಗಳು ಸಾವಿರ. ಪ್ರತಿ ಸಲವೂ ವೇಗ ಸ್ವಲ್ಪ ಕಡಿಮೆ ನಷ್ಟ ಆಗುತ್ತೆ. ತೊಂದರೆಯೂ ಇದೆ. ಗಾಲಿ ಭಾರ ಜಾಸ್ತಿ, ನಿಂತಲ್ಲಿಂದ ಎಳೆಯೋದು ನಿಧಾನ, ಕುಳ್ಳಗಿರುವವರಿಗೆ ಸೈಕಲ್ಲು ಎತ್ತರ ಅನ್ನಿಸುತ್ತೆ. ಹೊಸದರಲ್ಲಿ ‘ಬಂಡಿ ಗಾಲಿ’, ‘ಸರ್ಕಸ್ಸಿನ ಸೈಕಲ್’ ಅಂತ ನಕ್ಕವರು ತುಂಬಾ ಜನ.

ನಗು ನಿಲ್ಲಿಸಿದ್ದು ಗಡಿಯಾರ. 2012ರ ಲಂಡನ್ ಒಲಿಂಪಿಕ್ಸ್‌ನ ಕೊನೆಯ ದಿನ, ಆಗಸ್ಟ್ 12. ಪುರುಷರ ಮೌಂಟನ್ ಬೈಕ್ ಪಂದ್ಯದಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್‌ಹಾವಿ ಚಿನ್ನ ಗೆದ್ದರು, 29 ಇಂಚಿನ ಗಾಲಿಯಲ್ಲಿ. ಒಂದೇ ಸೆಕೆಂಡು ಹಿಂದೆ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್, 27.5 ಇಂಚಿನಲ್ಲಿ. ಅಂದ್ರೆ ಚಿನ್ನ ಬೆಳ್ಳಿ ಎರಡೂ 26 ಇಂಚಿನ ಕೈತಪ್ಪಿತು. ಆಮೇಲೆ ಎರಡು ಮೂರು ವರ್ಷದೊಳಗೆ ದೊಡ್ಡ ಕಂಪನಿಗಳ ಪಟ್ಟಿಯಿಂದ 26 ಇಂಚಿನ ಒಳ್ಳೆಯ ಮೌಂಟನ್ ಬೈಕುಗಳು ಒಂದೊಂದಾಗಿ ಕಾಣೆಯಾದವು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ್ಯ. ಆದರೆ ಕುಲ್‌ಹಾವಿ ಗೆದ್ದ ಸೈಕಲ್ಲು ಉಕ್ಕಿನದಲ್ಲ, ಕಾರ್ಬನ್ನಿನದು. ಅಷ್ಟು ಹೊತ್ತಿಗೆ ಉದ್ಯಮ ಗಾಲಿಯನ್ನು ಎತ್ತಿಕೊಂಡಿತ್ತು, ಉಕ್ಕನ್ನು ಅಲ್ಲೇ ಬಿಟ್ಟಿತ್ತು. ತೂಕದ ಮುಂದೆ ಉಕ್ಕು ನಿಲ್ಲಲ್ಲ. ಒಳ್ಳೆಯ ಉಕ್ಕಿನ ಮೌಂಟನ್ ಬೈಕ್ ಫ್ರೇಮು 2 ಕೆ.ಜಿ.ಗಿಂತ ಹೆಚ್ಚೇ ತೂಗುತ್ತೆ. ಕಾರ್ಬನ್ನಿನದು ಒಂದು ಕೆ.ಜಿ.ಯ ಆಸುಪಾಸಿಗೆ ಬಂದಿದೆ. ಗಾಲಿಯ ಲಾಭವನ್ನು ಗಡಿಯಾರ ಅಳೆಯಿತು, ಹಾಗಾಗಿ ಗಾಲಿ ಗೆದ್ದಿತು. ಉಕ್ಕಿನ ಲಾಭ ಇರೋದು ಗಡಿಯಾರಕ್ಕೆ ಕಾಣದ ಕಡೆ.

ಹಾಗಂತ ಉಕ್ಕಿನ ಅಭಿಮಾನಿಗಳು ಹೇಳೋದನ್ನೆಲ್ಲ ಒಪ್ಪಬೇಕಾಗಿಲ್ಲ. ‘ಉಕ್ಕು ಕುಲುಕಾಟವನ್ನು ನುಂಗುತ್ತೆ’ ಅಂತಾರೆ. ತ್ರಿಕೋನಾಕಾರದ ಫ್ರೇಮು ಯಾವ ಲೋಹದ್ದೇ ಆಗಲಿ, ಮೇಲಿಂದ ಕೆಳಗೆ ಬಾಗೋದು ತುಂಬಾ ಕಡಿಮೆ. ಎರಡು ಇಂಚಿನ ಟೈರು, ಸೀಟು, ಸೀಟಿನ ಕಂಬ ಇವು ನುಂಗುವ ಕುಲುಕಾಟದ ಮುಂದೆ ಫ್ರೇಮಿನದು ಅಲ್ಪ. ‘ಯಾವ ಹಳ್ಳಿಯ ವೆಲ್ಡಿಂಗ್ ಶಾಪಿನಲ್ಲಾದರೂ ಬೆಸೆಯಬಹುದು’ ಅನ್ನೋದು ಇನ್ನೊಂದು ಮಾತು. ಇದೂ ಅರ್ಧ ಸತ್ಯ. ಒಳ್ಳೆಯ ಪೈಪಿನ ಗೋಡೆ ನಡುಭಾಗದಲ್ಲಿ ಒಂದು ಮಿ.ಮೀ.ಗಿಂತ ಬಹಳ ತೆಳು. ಗೇಟು, ಟ್ರಾಲಿ ಬೆಸೆಯುವ ಮೆಷೀನಿಟ್ಟರೆ ತೂತು ಬೀಳುತ್ತೆ.

ಹಾಗಿದ್ರೆ ಉಳಿಯುವ ಸತ್ಯ ಏನು? ಎರಡಿವೆ. ಒಂದು, ಉಕ್ಕಿಗೆ ದಣಿವಿನ ಮಿತಿ ಅಂತ ಒಂದಿದೆ. ಆ ಮಿತಿಯೊಳಗಿನ ಹೊಡೆತವನ್ನು ಎಷ್ಟು ಲಕ್ಷ ಸಲ ಕೊಟ್ಟರೂ ತಡೆಯುತ್ತೆ. ಅಲ್ಯುಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಸಣ್ಣ ಹೊಡೆತವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತೆ. ತುಕ್ಕು ಹಿಡಿಯದಂತೆ ನೋಡಿಕೊಂಡರೆ ಉಕ್ಕಿನ ಫ್ರೇಮು ದಶಕಗಟ್ಟಲೆ ಬಾಳುತ್ತೆ. ಎರಡನೆಯದು, ಬಾಗಿದರೆ ಕಣ್ಣಿಗೆ ಕಾಣುತ್ತೆ, ಕೈ ಪಳಗಿದವನು ಹಾಳಾದ ಪೈಪನ್ನಷ್ಟೇ ತೆಗೆದು ಹೊಸದು ಹಾಕಬಲ್ಲ. ಇಡೀ ಫ್ರೇಮು ಬಿಸಾಡಬೇಕಾಗಿಲ್ಲ. ಕೆನಡಾದಿಂದ ಅಮೆರಿಕದ ದಕ್ಷಿಣ ಗಡಿಯವರೆಗೆ ಬೆಟ್ಟಸಾಲಿನ ಮಣ್ಣುದಾರಿಯಲ್ಲಿ ನಾಲ್ಕು ಸಾವಿರ ಕಿ.ಮೀ.ಗೂ ಹೆಚ್ಚು ತುಳಿಯುವ ‘ಟೂರ್ ಡಿವೈಡ್’ನಂಥ ಸವಾರಿಗಳಿಗೆ ಈ ಗುಣ ಬೇಕು. ಸಾಲ್ಸಾ ಕಂಪನಿಯ ‘ಫಾರ್ಗೊ’, ಉಕ್ಕಿನ ಫ್ರೇಮಿನ, ದೊಡ್ಡ ಗಾಲಿಯ ಸೈಕಲ್ಲು, ಇಂಥ ದೂರದ ದಾರಿಗಳಿಗೆಂದೇ 2009ರ ಹೊತ್ತಿಗೆ ಬಂತು. ರೇಸಿನಲ್ಲಿ ಸೋತ ಉಕ್ಕು ದೂರದ ದಾರಿಯಲ್ಲಿ ತನ್ನ ಜಾಗ ಹುಡುಕಿಕೊಂಡಿತು.

ಈಗ ನಮ್ಮ ಕಡೆಗೆ ಒಂದು ಮಾತು. ನಮ್ಮ ತಾತ, ಅಪ್ಪ ತುಳಿದ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಸೈಕಲ್ಲುಗಳನ್ನ ನೆನಪಿಸಿಕೊಳ್ಳಿ. ಕಪ್ಪು ಬಣ್ಣ, ಕಡ್ಡಿ ಬ್ರೇಕು, ಹಿಂದೆ ಕ್ಯಾರಿಯರ್. ಅದರ 28 ಇಂಚಿನ ಗಾಲಿಯಲ್ಲಿ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ. ಟ್ವೆಂಟಿ ನೈನರ್‌ನ 622ಕ್ಕಿಂತ 13 ಮಿ.ಮೀ. ಹೆಚ್ಚೇ. ಟೈರು ತೆಳು ಇದ್ದುದರಿಂದ ಒಟ್ಟು ಎತ್ತರ ಸ್ವಲ್ಪ ಕಡಿಮೆ, ಅಷ್ಟೇ. ಇದೇನು ನಮ್ಮವರು ಮೊದಲೇ ಕಂಡುಹಿಡಿದಿದ್ದರು ಅನ್ನೋ ಜಂಬದ ಮಾತಲ್ಲ. ಆ ವಿನ್ಯಾಸ ಬಂದಿದ್ದು ಇಂಗ್ಲೆಂಡಿನಿಂದ. ಆದರೆ ಟಾರು ಕಾಣದ ದಾರಿಯಲ್ಲಿ ಭತ್ತದ ಮೂಟೆ, ಹಾಲಿನ ಕ್ಯಾನು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗೋಕೆ ದೊಡ್ಡ ಗಾಲಿ ಮತ್ತು ಉಕ್ಕು ಯಾಕೆ ಬೇಕು ಅಂತ ನಮ್ಮ ಹಳ್ಳಿಗಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅದರ ಪೈಪು ದಪ್ಪ ಇತ್ತು, ಭಾರ ಇತ್ತು. ಆ ಭಾರದಿಂದಲೇ ಊರ ವೆಲ್ಡರನ ಕೈಗೂ ಅದು ಬಗ್ಗುತ್ತಿತ್ತು. ಅಟ್ಲಾಸ್ ತನ್ನ ಕೊನೆಯ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವ ಸೈಕಲ್ ದಿನ.

ನಾವು ಆ ಸೈಕಲ್ಲನ್ನು ಯಾರಿಗೂ ಪ್ರದರ್ಶನ ಮಾಡಲಿಲ್ಲ. ಅದು ಬಡವರ ವಾಹನ ಅನ್ನಿಸಿಕೊಂಡಿತು, ಮೊಪೆಡ್ಡು ಬಂದ ಕೂಡಲೇ ಮೂಲೆ ಸೇರಿತು. ರಿಪೇರಿ ಮಾಡುವ ಕೈಗಳೂ ಕಡಿಮೆಯಾದವು. ತಮ್ಮ ಉಕ್ಕಿನ ಸೈಕಲ್ಲನ್ನು ಮೇಳದಲ್ಲಿ ನಿಲ್ಲಿಸಿ ‘ಇಲ್ಲಿ ಬೆಸುಗೆ ನೋಡಿ, ಇಲ್ಲಿ ಪೈಪು ಹೇಗೆ ಬಾಗಿಸಿದೆ ನೋಡಿ’ ಅನ್ನುವವರನ್ನು ಶೋಕಿಲಾಲರು ಅಂತ ಸುಮ್ಮನೆ ತಳ್ಳಿಹಾಕಬಾರದು ಅಂತ ನನಗನ್ನಿಸೋದು ಇದಕ್ಕೇ. ಬೆಸೆಯುವ ಕೈಗೆ ಕೆಲಸ ಬೇಕು. ಕೆಲಸ ಬರಬೇಕಾದರೆ ನೋಡಿ ಆಸೆಪಡುವ ಕಣ್ಣು ಬೇಕು. 559ರಿಂದ 622ಕ್ಕೆ ಉದ್ಯಮವನ್ನು ದಾಟಿಸಿದ್ದು ಇಂಥ ಕೆಲವು ಕೈಗಳು, ಕೆಲವು ಕಣ್ಣುಗಳು. ನಾಳೆ ಇನ್ನೊಂದು ಅಳತೆ ತಪ್ಪು ಅಂತ ಯಾರಿಗಾದರೂ ಅನ್ನಿಸಿದರೆ, ಅದನ್ನ ಮಾಡಿ ನೋಡೋದಕ್ಕೆ ಆಗಲೂ ಒಂದು ಟಾರ್ಚು, ನಾಲ್ಕು ಪೈಪು, ಅದನ್ನು ಬಳಸಬಲ್ಲ ಒಬ್ಬ ಮನುಷ್ಯ ಇರಬೇಕು.

ನಿಮ್ಮ ಮನೆಯ ಹಿತ್ತಿಲಲ್ಲಿ, ಅಟ್ಟದಲ್ಲಿ ಹಳೇ ಡಬಲ್ ಬಾರ್ ಸೈಕಲ್ಲು ಇನ್ನೂ ಇದ್ದರೆ ಒಮ್ಮೆ ಅಳತೆ ಮಾಡಿ ನೋಡಿ. ಮಾರುವ ಮುಂಚೆ ಸ್ವಲ್ಪ ಯೋಚನೆ ಮಾಡಿ.